ಚೆನ್ನಾಜತ್ತೆಯ ಮನೆಗೆ ಬಂದ ಪಾರ್ಕಿನ ನೆರಳು

ನಮ್ಮ ಊರಿನಲ್ಲಿ ಉಪ್ಪಿಟ್ಟು ಬಡಿಸುವವರು ಸೌಟು ಎತ್ತುವ ಮೊದಲೇ, "ಒಗ್ಗರಣೆಗೆ ಶುಂಠಿ ಹಾಕೋದು ಹೇಳ್ಕೊಟ್ಟಿದ್ದು ಮೂಲೆಮನೆ ಅಂಬಕ್ಕ" ಎಂದು ಹೇಳಿಬಿಡುತ್ತಾರೆ. ಹೇಳದಿದ್ದರೆ ಶುಂಠಿಯ ಘಮ ತಟ್ಟೆಯಲ್ಲಿ ನಿಲ್ಲುವುದಿಲ್ಲ. ನೆಟ್ಟಗೆ ಅಂಬಕ್ಕನ ಮನೆಗೆ ಹೋಗಿ ಅವಳ ಹಾಸಿಗೆ, ದಿಂಬು, ದೇವರ ಗೂಡು ಎಲ್ಲದರಲ್ಲೂ ಕೂತುಬಿಡುತ್ತದೆ. ಜೋಕುಗಳದ್ದೂ ಅದೇ ಕಥೆ. ಬೇರೆಯವರಿಂದ ಕೇಳಿದ್ದನ್ನು ತನ್ನದೆಂಬಂತೆ ಹೇಳಿದರೆ ಎದುರಿಗಿದ್ದವರು ಸುಮ್ಮನೆ ಬಾಯಿ ಅಗಲಿಸುತ್ತಾರೆ, ನಗು ಮಾತ್ರ ಮೊದಲು ಹೇಳಿದವರ ಮನೆಯಲ್ಲಿ ಸಿಡಿಯುತ್ತದೆ. ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ತಿಥಿಯ ದಿನ, ಪುರೋಹಿತರು ಪಿಂಡ ಇಡುತ್ತಿರುವಾಗ, ಗೋಡೆಯೊಳಗಿಂದ ಒಂದು ಬಸ್ಸಿನ ಜನರಷ್ಟು ನಗು ಬಂತಂತೆ. ಯಾರೋ ಬಸ್ಸಿನಲ್ಲಿ ಮೇಷ್ಟ್ರ ಜೋಕು ಕದ್ದು ಹೇಳಿದ್ದರು. ಪುರೋಹಿತರು ಮಂತ್ರ ನಿಲ್ಲಿಸಿ, "ಯಾವ್ದು ಸ್ವಾಮಿ ಆ ಜೋಕು?" ಎಂದು ಕೇಳಿದರಂತೆ. ಇದನ್ನು ನನಗೆ ಹೇಳಿದ್ದು ಚೆನ್ನಾಜತ್ತೆ. ಹೇಳಿಬಿಟ್ಟೆ, ಇನ್ನು ಭಯವಿಲ್ಲ.

ಮನೆಯೊಳಗಿನ ಉಪ್ಪಿಟ್ಟಿಗೆ ಹೆಸರು ಹೇಳಿದರೆ ಸಾಕು. ಸಭೆಯಲ್ಲಿ ಓದುವ ವಿಷಯವಾದರೆ ಹೆಸರಿನವರು ಎದ್ದು ನಿಂತು, "ಹೌದು, ನನ್ನದೇ" ಎನ್ನಬೇಕು. ಅದು ಹಿಂದಿನ ಸಾಲಿಗೆ ಕೇಳಿಸಬೇಕು. ನಮ್ಮಲ್ಲಿ ಹಿಂದಿನ ಸಾಲಿನಲ್ಲಿ ಕೂರಲೆಂದೇ ಸಭೆಗೆ ಬರುವವರಿದ್ದಾರೆ. ಕೇಳಿಸಿದರೂ "ಕೇಳಿಸ್ಲಿಲ್ಲ!" ಎಂದು ಕೂಗುವುದರಲ್ಲಿ ಅವರಿಗೆ ಅದೇನೋ ಸುಖ.

ನನ್ನ ಹೆಸರು ನೀಲವೇಣಿ. ಹೇಳಬೇಕಾದ್ದನ್ನೆಲ್ಲ ಡೈರಿಯಲ್ಲಿ ಬರೆದು, ಬರೆದದ್ದನ್ನು ಯಾರಿಗೂ ಹೇಳದೆ ಬೆಳೆದವಳು. ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಸಭೆಯಲ್ಲಿ ನಾನು ಹಾಕಿದ ರಂಗೋಲಿಗೆ ನನ್ನ ಹೆಸರು ಓದಿದರು. ಎದ್ದೆ. ಬಾಯಿ ತೆರೆದೆ. ಬಾಯಿ ತೆರೆದೇ ಇತ್ತು. ಹೆಡ್ಮಾಸ್ಟರು ಕಾದು ಕಾದು ಮುಂದಿನ ಹೆಸರಿಗೆ ಹೋದರು. ಸಂಜೆ ಮನೆಗೆ ಬಂದು ನೋಡಿದರೆ ರಂಗೋಲಿ ನನಗಿಂತ ಮುಂಚೆ ಬಂದು, ನವಿಲು ಸಮೇತ, ನನ್ನ ಹಾಸಿಗೆಯ ಮೇಲೆ ಮಲಗಿತ್ತು. ಗುಡಿಸಿದರೆ ಹೋಗಲಿಲ್ಲ. ಒಂದು ವಾರ ನೆಲದ ಮೇಲೆ ಮಲಗಿದೆ. ಅಂದಿನಿಂದ ಯಾವ ಸಭೆಯಲ್ಲೂ ನನ್ನ ಹೆಸರು ಬರದಂತೆ ಬದುಕುವುದನ್ನು ಕಲಿತುಕೊಂಡಿದ್ದೆ.

ಎಂ.ಎಸ್ಸಿ. ಮುಗಿದ ಮೇಲೆ ಪ್ರೊಫೆಸರ್ ಪಟ್ಟಾಭಿರಾಮಯ್ಯನವರು ಊರಿನ ಪಾರ್ಕಿನ ಬಗ್ಗೆ ಒಂದು ಅಧ್ಯಯನ ಶುರು ಮಾಡಿ ನನ್ನನ್ನೂ ಸೇರಿಸಿಕೊಂಡರು. ನಗರಸಭೆಯವರಿಗೆ ಪಾರ್ಕನ್ನು ತೆಗೆದು ವಾಹನ ನಿಲ್ದಾಣ ಮಾಡುವ ಆಸೆ. ಪಾರ್ಕಿನಿಂದ ಊರಿಗೆ ಏನು ಉಪಯೋಗ ಎಂಬುದನ್ನು ಅಳೆದು ತೋರಿಸಿ ಅದನ್ನು ತಡೆಯಬೇಕೆಂದು ಪ್ರೊಫೆಸರ ಹಟ. ಬಿಸಿಲಿನ ತಾಪ ಅವರು ಅಳೆದರು. ಹಕ್ಕಿಗಳನ್ನು ನನ್ನ ಸಹಪಾಠಿ ದಸ್ತಗೀರ್ ಎಣಿಸಿದ. ನೆರಳನ್ನು ನಾನು ಕೇಳಿ ತೆಗೆದುಕೊಂಡೆ. ನೆರಳು ಮಾತಾಡುವುದಿಲ್ಲ, "ಮದುವೆ ಯಾವಾಗ?" ಎಂದು ಕೇಳುವುದಿಲ್ಲ. ಅದರ ಅಂಚಿನಗುಂಟ ರಂಗೋಲಿ ಪುಡಿ ಉದುರಿಸಿ, ಟೇಪು ಹಿಡಿದು ಬರೆದುಕೊಳ್ಳುತ್ತಾ ಒಂದು ಬೇಸಿಗೆ ಪೂರ್ತಿ ನಾನು ಬಹಳ ಸುಖವಾಗಿದ್ದೆ.

ಅಲ್ಲಿ ನನಗೊಬ್ಬ ಜೊತೆಗಾರನಿದ್ದ. ಪಾರ್ಕಿನ ನಾಯಿ. ಅವನು ಯಾವಾಗಲೂ ದೊಡ್ಡ ಮಳೆಮರದ ನೆರಳಿನ ಅಂಚಿನಲ್ಲೇ, ಹೊಟ್ಟೆ ನೆರಳಿಗೆ, ಬಾಲ ಬಿಸಿಲಿಗೆ ಬರುವಂತೆ ಮಲಗುತ್ತಿದ್ದ. ನೆರಳು ಸರಿದಷ್ಟೂ ಸರಿಯುತ್ತಿದ್ದ. ಗಡಿ ಕಾಯುವವನಂತೆ ಕಾಣುತ್ತಿದ್ದುದರಿಂದ ಊರಿನವರು ಅವನಿಗೆ ಶಾನುಭೋಗ ಎಂದು ಹೆಸರಿಟ್ಟಿದ್ದರು. ಅವನು ಬೊಗಳಿದ್ದನ್ನು ಯಾರೂ ಕೇಳಿರಲಿಲ್ಲ. ಮಧ್ಯಾಹ್ನದ ಹೊತ್ತು ಆ ಮರದ ಕೆಳಗೆ ಜನ ಕಿಕ್ಕಿರಿದು ಮಲಗುತ್ತಿದ್ದರು. ಅವರ ಕೈಕಾಲು ದಾಟಿಕೊಂಡು ಟೇಪು ಎಳೆಯುವ ಧೈರ್ಯ ನನಗೆಲ್ಲಿಂದ ಬರಬೇಕು? ನಾನು ನೀರಿನ ಟ್ಯಾಂಕಿನ ಹಿಂದೆ ಕೂತು ಬುತ್ತಿ ಉಣ್ಣುತ್ತಾ, ಶಾನುಭೋಗ ಎಲ್ಲಿ ಮಲಗಿದ್ದಾನೆಂದು ಇಣುಕಿ ನೋಡಿ, ಅದನ್ನೇ ನೆರಳಿನ ಅಂಚು ಎಂದು ಬರೆದುಕೊಳ್ಳುತ್ತಿದ್ದೆ. ಜನವಿಲ್ಲದ ದಿನ ಟೇಪು ಹಿಡಿದು ತಾಳೆ ನೋಡಿದೆ. ಸರಿಯಾಗಿತ್ತು.

ವರದಿ ಸಿದ್ಧವಾದಾಗ ನಾನು ಪ್ರೊಫೆಸರ ಕೋಣೆಗೆ ಹೋಗಿ, ಬಾಗಿಲ ಪರದೆಯ ಹಿಂದೆಯೇ ನಿಂತು, "ಸಾರ್, ನನ್ನ ಹೆಸರು ಬೇಡ" ಎಂದೆ.

"ಯಾರದು ಪರದೆ ಮಾತಾಡ್ತಿರೋದು?"

"ನೀಲವೇಣಿ, ಸಾರ್. ಎದ್ದು ನಿಂತು ಹೌದು ಅನ್ನೋಕೆ ನನ್ನಿಂದ ಆಗಲ್ಲ. ನೆರಳಿನ ಅಳತೆಯೆಲ್ಲ ನಿಮಗೇ ಕೊಟ್ಟುಬಿಟ್ಟೆ. ಮನಸಾರೆ ಕೊಟ್ಟೆ. ನಿಮ್ಮದು ಅಂತಲೇ ಓದಿಬಿಡಿ."

"ಅದು ಹಾಗೆ ಆಗೋದಿಲ್ವಲ್ಲಮ್ಮ" ಎಂದು ಅವರು ಕನ್ನಡಕ ಒರೆಸಿಕೊಂಡರು. ಆದರೆ ಅವರು ಮೃದು ಸ್ವಭಾವದವರು, ಪರದೆ ನಡುಗುತ್ತಿದ್ದುದನ್ನು ನೋಡಿದರು. "ನೋಡೋಣ. ಮನಸಾರೆ ಕೊಟ್ಟಿದ್ದಕ್ಕೆ ಲೆಕ್ಕ ಬೇರೆ ಇರಬಹುದೇನೋ."

ಬೇರೆ ಇರಲಿಲ್ಲ.

ನಗರಸಭೆಯ ಸಭಾಂಗಣದಲ್ಲಿ ಪ್ರೊಫೆಸರು ವರದಿ ಓದಿದರು. ಹಕ್ಕಿಗಳ ವಿಷಯ ಬಂದಾಗ ದಸ್ತಗೀರ್ ಎದ್ದು, "ಹೌದು, ನನ್ನದೇ!" ಎಂದು ಕೂಗಿದ ರಭಸಕ್ಕೆ ಕಿಟಕಿಯಾಚೆಯ ಪಾರ್ಕಿನಲ್ಲಿ ಅವನು ಎಣಿಸಿದ್ದ ಹಕ್ಕಿಗಳೇ ಹಾರಿಹೋದವು. ನೆರಳಿನ ವಿಷಯ ಬಂದಾಗ ಪ್ರೊಫೆಸರು ಕೆಮ್ಮಿ, "ಒಬ್ಬರು ಹಿತೈಷಿಗಳಿಂದ" ಎಂದು ಮುಂದೆ ಹೋದರು. ನಾನು ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಪಾರ್ಕು ಉಳಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು ಎಂದು ದಸ್ತಗೀರ್ ಬಂದು ಹೇಳಿದ. ಆ ದಿನ ಡೈರಿಯಲ್ಲಿ "ಗೆದ್ದೆವು, ನಾನು ಕಾಣಿಸಿಕೊಳ್ಳಲಿಲ್ಲ" ಎಂದು ಬರೆದು, ಕೆಳಗೆ ಒಂದು ಹೂವು ಬಿಡಿಸಿದೆ.

ಮರುದಿನ ಬೆಳಿಗ್ಗೆ ಸಂಡಿಗೆ ಇಡಲು ತಾರಸಿಗೆ ಹೋದ ಚೆನ್ನಾಜತ್ತೆ ಹಾಗೇ ಕೆಳಗಿಳಿದು ಬಂದಳು. ಇವಳು ನನ್ನ ಸೋದರತ್ತೆ. ನಾನಿರುವುದು ಅವಳ ಮನೆಯಲ್ಲಿ. ನನಗೆ ಸಿಗಬೇಕಿದ್ದ ದನಿಯೂ ಸೇರಿ ಇವಳೊಬ್ಬಳಿಗೇ ಸಿಕ್ಕಿಬಿಟ್ಟಿದೆ ಎಂದು ನನ್ನ ಅನುಮಾನ.

"ನೀಲೂ! ಸೂರ್ಯ ನಮ್ಮನೆಗೊಂದೇ ರಜಾ ಹಾಕವ್ನಾ, ಬಂದು ನೋಡೇ!"

ಬೀದಿಯಲ್ಲಿ ಕಣ್ಣು ಚುಚ್ಚುವ ಬಿಸಿಲು. ನಮ್ಮ ಮನೆ ಮಾತ್ರ ತಣ್ಣಗೆ, ಕಪ್ಪಗೆ, ಎಲೆ ಎಲೆಯಾಗಿ ಅಲ್ಲಾಡುತ್ತಿತ್ತು. ತುಳಸಿ ಬಿಟ್ಟರೆ ನಮ್ಮಲ್ಲಿ ಗಿಡವೇ ಇಲ್ಲ. ನಾನು ನೋಡಿದ ಕೂಡಲೇ ಗುರುತು ಹಿಡಿದೆ. ಅಡುಗೆಮನೆಯಲ್ಲಿದ್ದದ್ದು ಹೊಂಗೆಯ ನೆರಳು. ಬಚ್ಚಲಲ್ಲಿ ಬೇವಿನದು. ಗುಲ್‌ಮೊಹರಿನದು ಅತ್ತೆಯ ಮಂಚದ ಮೇಲೆ. ಮಳೆಮರದ್ದು ಮನೆಯೊಳಗೆ ಹಿಡಿಸದೆ ತಾರಸಿಯ ಮೇಲೆಲ್ಲ ಹರಡಿ, ಉಳಿದದ್ದು ಅಂಗಳಕ್ಕೆ ಇಳಿಬಿದ್ದಿತ್ತು. ಅತ್ತ ಪಾರ್ಕಿನಲ್ಲಿ ಗಾಳಿ ಬೀಸಿದರೆ ಇತ್ತ ನಮ್ಮ ನೆಲ ತೂಗುತ್ತಿತ್ತು.

"ದೋಸೆ ಸೀದಿದ್ಯೋ, ನೆರಳು ಬಿದ್ದಿದ್ಯೋ ಒಂದೂ ಗೊತ್ತಾಗ್ತಿಲ್ಲ" ಎಂದು ಅತ್ತೆ ಕಾವಲಿಯ ಮುಂದೆ ಬಗ್ಗಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಏನ್ ಮಾಡಿದ್ಯೇ?"

ಹೇಳಿದೆ. ಅತ್ತೆ ಸಟ್ಟುಗ ಕೆಳಗಿಟ್ಟು, "ಆ ರಂಗೋಲಿ ನವಿಲಿಂದಾನೇ ಬುದ್ಧಿ ಬರ್ಲಿಲ್ವಲ್ಲ ನಿಂಗೆ" ಎಂದಳು.

ಅತ್ತ ಪಾರ್ಕಿನಲ್ಲಿ ಮರಗಳು, ಸ್ನಾನ ಮುಗಿದ ಮೇಲೆ ಟವೆಲ್ ಸಿಗದೆ ನಿಂತವರ ಹಾಗೆ ಮುಜುಗರದಲ್ಲಿದ್ದವು. ಎಲೆ ಇತ್ತು, ಕೊಂಬೆ ಇತ್ತು, ಕೆಳಗೆ ನಿಂತರೆ ನೆತ್ತಿ ಸುಡುತ್ತಿತ್ತು. ಹಕ್ಕಿಗಳು ದಸ್ತಗೀರನ ಪುಣ್ಯದಿಂದ ಅಲ್ಲೇ ಉಳಿದು, ಕೆಳಗೆ ನೋಡಿ ನೋಡಿ ಗಾಬರಿಯಾಗುತ್ತಿದ್ದವು. ಜನರೋ, ನೆರಳು ಎಲ್ಲಿಗೆ ಹೋಯಿತೆಂದು ವಿಚಾರಿಸಿಕೊಂಡು, ಚಾಪೆ ಸುತ್ತಿಕೊಂಡು, ಒಬ್ಬರ ಹಿಂದೊಬ್ಬರು ನಮ್ಮ ಮನೆಗೆ ಬಂದರು. ಚದುರಂಗದವರು ಅಂಗಳದಲ್ಲಿ ಕೂತರು. ನಗೆಕೂಟದ ಹೆಂಗಸರು ತಾರಸಿ ಹಿಡಿದರು, ಮಧ್ಯಾಹ್ನ ಮಾತ್ರ ಅಲ್ಲಿನ ನೆರಳು ಯಾಕೋ ಕಾಣೆಯಾಗುತ್ತದೆಂದು ಕೆಳಗಿಳಿದು ಬರುತ್ತಿದ್ದರು. ಪ್ರೇಮಿಗಳಿಬ್ಬರು ಬೇವಿನ ನೆರಳೇ ಬೇಕೆಂದು ಹಟ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತುಕೊಂಡರು. ಪಾರ್ಕಿನ ಕಾವಲುಗಾರ ಕುರ್ಚಿ ಸಮೇತ ಬಂದು, ಅತ್ತೆ ತನ್ನದೇ ತುಳಸಿಯ ಕುಡಿ ಚಿವುಟಿದರೆ ಸೀಟಿ ಊದಿ, "ಗಿಡ ಮುಟ್ಬಾರ್ದು!" ಎಂದ. ನಾನು ಒಳಕೋಣೆಯಲ್ಲಿ ಟ್ರಂಕಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಸೇರಿಕೊಂಡೆ. ಬದುಕೆಲ್ಲ ಜನರಿಂದ ತಪ್ಪಿಸಿಕೊಂಡವಳ ಮನೆಗೆ ಇಡೀ ಊರು ಬಂದು ಕಾಲು ಚಾಚಿ ಮಲಗಿತ್ತು.

ಸಂಡಿಗೆ ಒಣಗಲಿಲ್ಲ. ಅದಕ್ಕಿಂತ ಕೆಟ್ಟ ಸುದ್ದಿಯನ್ನು ನಗರಸಭೆಯ ಅಧ್ಯಕ್ಷ ಮರಿಬಸಪ್ಪನವರು ನಮ್ಮ ಅಂಗಳದಲ್ಲೇ, ಮಜ್ಜಿಗೆ ಕುಡಿಯುತ್ತಾ ಹೇಳಿದರು. "ಅಲ್ರೀ, ನೆರಳಿಲ್ದ ಮರ ಇದ್ರೇನು, ಲೈಟು ಕಂಬ ಇದ್ರೇನು? ಶುಕ್ರವಾರ ಸಭೆ ಕರ್ದಿದೀನಿ. ಅಷ್ಟರೊಳಗೆ ನೆರಳು ವಾಪಸ್ ಬಂತೋ ಸರಿ. ಇಲ್ಲಾಂದ್ರೆ ಮರ ಕಡ್ಸಿ ಗಾಡಿ ನಿಲ್ಸೋಕೆ ಜಾಗ ಮಾಡೋದೇ. ಮಜ್ಜಿಗೆಗೆ ಇಂಗು ಹಾಕೋದು ಯಾರು ಹೇಳ್ಕೊಟ್ಟಿದ್ದು?"

"ನಮ್ಮತ್ತೆ" ಎಂದಳು ಚೆನ್ನಾಜತ್ತೆ.

"ಭೇಷ್" ಎಂದು ಅವರು ಮೀಸೆ ಒರೆಸಿಕೊಂಡರು.

ಪ್ರೊಫೆಸರು ಕೊಡೆ ಹಿಡಿದು ಬಂದು ಟ್ರಂಕಿನ ಪಕ್ಕ ಕೂತರು. "ತಿದ್ದಿದ ಪ್ರತಿ ಮಾಡಿದೀನಿ. ಹೆಸರು ಹಾಕೋದು ನನ್ನ ಕೆಲಸ, ಹಾಕಿದೀನಿ. ಹೌದು ಅನ್ನೋದು ಮಾತ್ರ ನಾನು ಅನ್ನೋಕಾಗಲ್ಲ ಕಣಮ್ಮ."

"ದಸ್ತಗೀರ್ ಅಂದ್ರೆ ಆಗುತ್ತಾ ಸಾರ್?"

"ಆಗ ನೆರಳಿನ ಜೊತೆ ಹಕ್ಕೀನೂ ನಿಮ್ಮನೆಗೆ ಬಂದ್ರೆ ಏನ್ಮಾಡ್ತೀಯ?" ಎಂದು ಹೊರಗಿನಿಂದ ದಸ್ತಗೀರ್ ಕೂಗಿದ. ಪ್ರೊಫೆಸರು ಇನ್ನೂ ಏನೋ ಹೇಳಬೇಕೆಂದಿದ್ದರು. ಅಷ್ಟರಲ್ಲಿ ಹೊಂಗೆಯ ತಂಪಿಗೆ ಅವರಿಗೆ ನಿದ್ದೆ ಹತ್ತಿತು.

ಅಂದಿನಿಂದ ಅತ್ತೆ ನನಗೆ ತಾಲೀಮು ಶುರು ಮಾಡಿದಳು. ನಾನು ಒಳಕೋಣೆಯಲ್ಲಿ ಎದ್ದು ನಿಂತು ಹೇಳಬೇಕು, ಅವಳು ಅಡುಗೆಮನೆಯಲ್ಲಿ ಹಿಂದಿನ ಸಾಲಾಗಬೇಕು.

"ಹೌದು, ನನ್ನದೇ."

"ಕೇಳಿಸ್ಲಿಲ್ಲ!"

"ಹೌದು, ನನ್ನದೇ."

"ಸೊಳ್ಳೆ ಏನಾದ್ರೂ ಅಂತಾ?"

ಮೂರನೇ ಸಲಕ್ಕೆ ತಾರಸಿಯಿಂದ ನಗೆಕೂಟದವರೂ, ಬಚ್ಚಲಿಂದ ಪ್ರೇಮಿಗಳೂ ಸೇರಿ "ಕೇಳಿಸ್ಲಿಲ್ಲ!" ಎಂದರು. ನಾನು ಮತ್ತೆ ಸಂದಿಗೆ ಹೋಗಿ ಸೇರಿಕೊಂಡೆ. ಡೈರಿಯಲ್ಲಿ ಬರೆದೆ: "ಮರಗಳೇ, ಕ್ಷಮಿಸಿ." ಬರೆಯುತ್ತಿದ್ದ ಪುಟದ ಮೇಲೆ ಹೊಂಗೆ ಎಲೆಯ ನೆರಳೊಂದು ಬಂದು, ನನ್ನ ಅಕ್ಷರದ ಮೇಲೆ ಕೈಯಿಟ್ಟಂತೆ ನಿಂತಿತು. ನನಗೆ ಅಳು ಬಂತು. ಮರ ಕಡಿದರೆ ಈ ನೆರಳಿಗೆ ಹೋಗಲು ಮನೆಯೇ ಇರುವುದಿಲ್ಲವಲ್ಲ ಎಂದು ಆಗ ಹೊಳೆಯಿತು.

ಶುಕ್ರವಾರ ಸಭಾಂಗಣ ತುಂಬಿಹೋಗಿತ್ತು. ಅತ್ತೆ ನನ್ನ ಸೆರಗಿಗೆ ತನ್ನ ಸೆರಗು ಗಂಟು ಹಾಕಿಕೊಂಡು ಕೂತಿದ್ದಳು, ಓಡಿಹೋಗಬಾರದೆಂದು. ಪ್ರೊಫೆಸರು ಓದಿದರು. ದಸ್ತಗೀರ್ ಇನ್ನೊಮ್ಮೆ ಹಕ್ಕಿ ಹಾರಿಸಿದ. ಆಮೇಲೆ, "ನೆರಳಿನ ಅಳತೆಗಳು, ನೀಲವೇಣಿಯವರಿಂದ" ಎಂದರು.

ನಾನು ಎದ್ದೆ. ಸೆರಗಿನ ಗಂಟಿನಿಂದಾಗಿ ಅತ್ತೆಯೂ ಎದ್ದಳು. ಊರಿನ ಕಣ್ಣುಗಳೆಲ್ಲ ನನ್ನ ಮೇಲೆ. ಬಾಯಿ ತೆರೆದೆ. ಬಾಯಿ ತೆರೆದೇ ಇತ್ತು. ಕಿಟಕಿಯಾಚೆ ಬೋಳು ಬಿಸಿಲಿನಲ್ಲಿ ಮಳೆಮರ ಕಾಣುತ್ತಿತ್ತು, ಅದರ ಬುಡದಲ್ಲಿ ಆಗಲೇ ಕೊಡಲಿಯವರು ಬೀಡಿ ಸೇದುತ್ತಾ ಕೂತಿದ್ದರು.

"ಹೌದು, ನನ್ನದೇ" ಎಂದೆ.

"ಕೇಳಿಸ್ಲಿಲ್ಲ!" ಎಂದಿತು ಹಿಂದಿನ ಸಾಲು, ಹಬ್ಬದೂಟಕ್ಕೆ ಕೂತವರ ಉತ್ಸಾಹದಲ್ಲಿ.

"ಹೌದು. ನನ್ನದೇ."

"ಸ್ವಲ್ಪ ಜೋರಾಗಿ ತಾಯಿ!"

ಆಗ ಅತ್ತೆ ನನ್ನ ಸೊಂಟ ಚಿವುಟಿದಳು. "ಹೌದು, ನನ್ನದೇ!" ಎಂಬುದು ಅರ್ಧ ಮಾತಾಗಿ, ಅರ್ಧ ಕಿರುಚಾಗಿ ಹೊರಬಂತು. ಹಿಂದಿನ ಸಾಲಿಗೆ ಕೇಳಿಸಿತು. ನೆರಳಿಗೂ ಕೇಳಿಸಿತು.

ಎಲ್ಲರೂ ಕಿಟಕಿಗೆ ಮುಗಿಬಿದ್ದರು. ನಮ್ಮ ಬೀದಿಯ ಕಡೆಯಿಂದ ನೆರಳುಗಳು ಸಾಲಾಗಿ, ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದನ್ನೊಂದು ತಳ್ಳಿಕೊಂಡು ಬಂದವು. ಹೊಂಗೆಯದು ಹೊಂಗೆಯ ಕೆಳಗೆ, ಬೇವಿನದು ಬೇವಿನ ಕೆಳಗೆ. ಗುಲ್‌ಮೊಹರಿನ ನೆರಳಿಗೆ ಅತ್ತೆಯ ಮಂಚದ ಕಂಬಳಿಯೊಂದು ಅಂಟಿಕೊಂಡು ಬಂದಿತ್ತು. ಜನ ಚಪ್ಪಾಳೆ ತಟ್ಟಿದರು. ನಾನು ಕುಸಿದು ಕೂತೆ, ಅತ್ತೆಯೂ ಕೂತಳು.

"ತಾಳಿ, ತಾಳಿ" ಎಂದರು ಮರಿಬಸಪ್ಪನವರು. "ದೊಡ್ಡ ಮರದ್ದೆಲ್ಲಿ?"

ಮಳೆಮರದ ಬುಡ ಬೋಳಾಗಿಯೇ ಇತ್ತು. ಬೆಳಗಿನ ನೆರಳು ಬಂದು ಸೇರಿಕೊಂಡಿದ್ದಿರಬೇಕು, ಆದರೆ ಈಗ ಮಧ್ಯಾಹ್ನ. ಮಧ್ಯಾಹ್ನದ್ದು ಬಂದಿರಲಿಲ್ಲ.

"ಇದೊಂದು ಮರ ಹೋದ್ರೂ ಗಾಡಿ ನಿಲ್ಸೋಕೆ ಜಾಗ ಆಯ್ತಲ್ಲ" ಎಂದು ಅಧ್ಯಕ್ಷರ ಮುಖ ಅರಳಿತು. ಹೊರಗೆ ಕೊಡಲಿಯವರು ಬೀಡಿ ಆರಿಸಿ ಎದ್ದು ನಿಂತರು.

ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ, ಒಂದು ಮರದಷ್ಟು ದೊಡ್ಡ ನೆರಳು ತಾನೇ ತಾನಾಗಿ ನಡೆದು ಬರುತ್ತಿರುವುದು ಕಾಣಿಸಿತು. ಅಂಗಡಿಗಳ ಮೇಲೆ ಹರಿದು, ನಿಂತ ಬಸ್ಸೊಂದನ್ನು ಕತ್ತಲು ಮಾಡಿ ಬರುತ್ತಿತ್ತು. ಅದರ ನಟ್ಟನಡುವೆ ಶಾನುಭೋಗ. ಅವನು ನೆರಳಿನ ಅಂಚು ಹುಡುಕುತ್ತಿದ್ದ. ಬಿಸಿಲು ಕಂಡ ಕಡೆ ನಾಲ್ಕು ಹೆಜ್ಜೆ ಓಡುತ್ತಿದ್ದ, ನೆರಳೂ ಅವನ ಜೊತೆಗೇ ಓಡುತ್ತಿತ್ತು. ಮಲಗಲು ನೋಡುತ್ತಿದ್ದ, ಸುತ್ತಲೂ ನೆರಳೇ. ಬಾಲಕ್ಕೆ ಒಂದು ಚೂರು ಬಿಸಿಲಿಲ್ಲ. ಪಾಪ, ನಾಲಿಗೆ ಹೊರಹಾಕಿ ದಾರಿಹೋಕರ ಮುಖ ಮುಖ ನೋಡುತ್ತಿದ್ದ. ಜೀವಮಾನವೆಲ್ಲ ಅಂಚಿನಲ್ಲಿದ್ದವನನ್ನು ತಂದು ನಡುವಿನಲ್ಲಿ ನಿಲ್ಲಿಸಿದರೆ ಹೇಗಿರುತ್ತದೆಂದು ಆ ಸಭಾಂಗಣದಲ್ಲಿ ನನಗಲ್ಲದೆ ಇನ್ಯಾರಿಗೆ ಗೊತ್ತು?

ನಾನು ಎದ್ದೆ. ಯಾರೂ ನನ್ನ ಹೆಸರು ಕರೆದಿರಲಿಲ್ಲ. ಸೆರಗಿನ ಗಂಟು ಬಿಚ್ಚಿಹೋಯಿತು.

"ಮಳೆಮರದ ಮಧ್ಯಾಹ್ನದ ಅಳತೆ ನನ್ನದಲ್ಲ!" ಎಂದೆ. ಹಿಂದಿನ ಸಾಲಿನವರು ಬೆಚ್ಚಿ ಮುಂದಿನ ಬೆಂಚು ಹಿಡಿದುಕೊಂಡರು. ಅಷ್ಟು ಜೋರಾಗಿತ್ತು. "ಅವನು ಎಲ್ಲಿ ಮಲಗ್ತಾನೋ ಅದನ್ನೇ ನೋಡಿ ನಾನು ಬರ್ಕೊಂಡಿದ್ದು. ಅದು ಶಾನುಭೋಗನದು! ಕೇಳಿಸ್ತಾ?"

"ಕೇ... ಕೇಳಿಸ್ತು ತಾಯಿ" ಎಂದಿತು ಹಿಂದಿನ ಸಾಲು. ಆ ಸಾಲಿನ ಇತಿಹಾಸದಲ್ಲೇ ಅದು ಮೊದಲಂತೆ. ಇದು ದಸ್ತಗೀರ್ ಹೇಳಿದ್ದು.

ಪ್ರೊಫೆಸರು ತಕ್ಷಣ ಪೆನ್ನು ತೆಗೆದು ಹೆಸರು ಸೇರಿಸಿ ಓದಿದರು. "ಮಧ್ಯಾಹ್ನದ ನೆರಳು, ಶಾನುಭೋಗರಿಂದ." ಇನ್ನು ಅವನು ಹೌದು ಅನ್ನಬೇಕು. ಸಭೆಗೆ ಸಭೆಯೇ ಎದ್ದು ಬೀದಿಗೆ ಬಂದು ಅವನನ್ನು ಸುತ್ತುವರಿಯಿತು.

"ಬೊಗಳೋ ರಾಜಾ" ಎಂದರು ಚದುರಂಗದವರು. ಕಾವಲುಗಾರ ಸೀಟಿ ಊದಿದ. ದಸ್ತಗೀರ್ ತಾನೇ ಬೊಗಳಿ ತೋರಿಸಿದ, ಅದೂ ತುಂಬ ಚೆನ್ನಾಗಿ. ಶಾನುಭೋಗ ಎಲ್ಲರನ್ನೂ ಒಮ್ಮೆ ನೋಡಿ, ಕಿವಿ ಮಡಿಸಿಕೊಂಡು, ನೆಲಕ್ಕೆ ಗದ್ದ ಒತ್ತಿದ. ಆ ಗದ್ದ ನನ್ನ ಪರಿಚಯದ್ದೇ. ಟ್ರಂಕಿನ ಸಂದಿಯಲ್ಲಿ ಅಂಥದ್ದೇ ಗದ್ದ ನನ್ನ ಮೊಣಕಾಲಿನ ಮೇಲಿರುತ್ತಿತ್ತು.

"ಸ್ವಲ್ಪ ಎಲ್ರೂ ಆ ಕಡೆ ತಿರುಗ್ಕೊಳ್ತೀರಾ?" ಎಂದು ಕೇಳಿದೆ.

"ಯಾಕೆ?" ಎಂದರು ಅಧ್ಯಕ್ಷರು.

"ತಿರುಗ್ಕೊಳ್ರೀ, ಹುಡುಗಿ ಹೇಳ್ತಿಲ್ವಾ!" ಎಂದಳು ಅತ್ತೆ. ಊರು ಬೆನ್ನು ತಿರುಗಿಸಿತು. ಅಧ್ಯಕ್ಷರೂ ತಿರುಗಿದರು.

ನಾನು ಅವನ ಪಕ್ಕ ನೆಲದ ಮೇಲೆ ಕೂತೆ. ಏನೂ ಹೇಳಲಿಲ್ಲ. ಅವನೂ ಏನೂ ಹೇಳಲಿಲ್ಲ. ಪಾರ್ಕಿನಲ್ಲಿ ಬೇಸಿಗೆ ಪೂರ್ತಿ ನಾವು ಹೀಗೇ ಇದ್ದದ್ದಲ್ಲವೇ? ಸ್ವಲ್ಪ ಹೊತ್ತಿನ ಮೇಲೆ ಅವನ ಮೈ ಸಡಿಲವಾಯಿತು. ಮುಂಗಾಲು ಮುಂದಕ್ಕೆ ಚಾಚಿ, ಬೆನ್ನು ಬಗ್ಗಿಸಿ, ಬಾಯಿಯನ್ನು ಕಿವಿಯವರೆಗೆ ತೆರೆದು ಒಂದು ದೊಡ್ಡ ಆಕಳಿಕೆ ತೆಗೆದ. ಅದರ ಕೊನೆಯಲ್ಲಿ, ತುಕ್ಕು ಹಿಡಿದ ಗೇಟು ತೆರೆದ ಹಾಗೆ, "ಆಊಂವ್" ಎಂಬ ದನಿ ಬಂತು.

"ಕೇಳಿಸ್ತು!" ಎಂದು ಹಿಂದಿನ ಸಾಲಿನವರು ಬೆನ್ನು ತಿರುಗಿಸಿಕೊಂಡೇ ಕೂಗಿದರು.

"ಆಕಳಿಕೆ ಹೌದು ಅಂದಂಗಾಗುತ್ತಾ?" ಎಂದು ಮರಿಬಸಪ್ಪನವರು ತಕರಾರು ತೆಗೆದರು. ಅವರ ಮಾತು ಮುಗಿಯುವ ಮೊದಲೇ ನೆರಳು ಶಾನುಭೋಗನ ಮೈಮೇಲಿಂದ ಜಾರಿ, ಅವರ ಚಪ್ಪಲಿಯ ಮೇಲೆ ಹಾದು, ಪಾರ್ಕಿನ ಗೇಟು ದಾಟಿ, ಮಳೆಮರದ ಕೆಳಗೆ ಉಸ್ಸೆಂದು ಬಿತ್ತು. ಕೊಡಲಿಯವರಲ್ಲಿ ಒಬ್ಬ ಅಲ್ಲೇ ಮಲಗಿಬಿಟ್ಟ. ಇನ್ನು ಕಡಿಯುವವರು ಯಾರು?

ಆ ಅಧ್ಯಯನದ ವರದಿ ಈಗ ಅಚ್ಚಾಗಿದೆ. ಮೊದಲ ಪುಟದಲ್ಲಿ ನಾಲ್ಕು ಹೆಸರುಗಳಿವೆ. ನಾಲ್ಕನೆಯವರು ಯಾವ ಕಾಲೇಜಿನವರು ಎಂದು ಹೊರಗಿನಿಂದ ವಿಚಾರಣೆಗಳು ಬರುತ್ತಿರುತ್ತವೆ. "ಅವರು ಕ್ಷೇತ್ರಕಾರ್ಯದಲ್ಲಿದ್ದಾರೆ" ಎಂದು ಪ್ರೊಫೆಸರು ಉತ್ತರ ಕೊಡುತ್ತಾರೆ. ಅತ್ತೆಯ ಸಂಡಿಗೆ ಒಣಗಿದೆ. ಪ್ರೇಮಿಗಳು ಮಾತ್ರ ಇನ್ನೂ ಒಮ್ಮೊಮ್ಮೆ ಬಂದು, ನಮ್ಮ ಬಚ್ಚಲನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟು ಹೋಗುತ್ತಾರೆ.

ನಾನೀಗ ಮಧ್ಯಾಹ್ನದ ಬುತ್ತಿಯನ್ನು ನೀರಿನ ಟ್ಯಾಂಕಿನ ಹಿಂದೆ ಉಣ್ಣುವುದಿಲ್ಲ. ಮಳೆಮರದ ಹತ್ತಿರ ಹೋಗುತ್ತೇನೆ. ನಡುವಿಗೆ ಅಲ್ಲ, ಅಂಚಿಗೆ. ಮೊದಲ ದಿನ ಶಾನುಭೋಗ ಒಂದು ಕಣ್ಣು ತೆರೆದು ನೋಡಿ, ಒಂದು ಮೊಳ ಸರಿದು ನನಗೆ ಜಾಗ ಬಿಟ್ಟ. ಅಲ್ಲೇ ಕೂತು ಇದನ್ನು ಬರೆದೆ. ಇದರೊಳಗಿನ ಬೈಗುಳಗಳು ಚೆನ್ನಾಜತ್ತೆಯವು. ಹಕ್ಕಿಗಳು ದಸ್ತಗೀರನವು. ಕೆಮ್ಮು ಪ್ರೊಫೆಸರದ್ದು. ಆಕಳಿಕೆ ಶಾನುಭೋಗನದು. ಉಳಿದದ್ದು, ಹೌದು, ನನ್ನದೇ. ಹಿಂದಿನ ಸಾಲಿಗೆ ಕೇಳಿಸಿತಲ್ಲ?